ಪ್ರಿಹಿಸ್ಟಾರಿಕ್ ಪ್ಲಾನೆಟ್ ಟಿವಿ ಸರಣಿಯಲ್ಲಿ ತೋರಿಸಿರುವ ಡೈನೋಸಾರ್‌ಗಳೆಲ್ಲ ನಿಜವಾಗಿ ಹಾಗೇ ಇದ್ದವಾ?

ದೇಹದ ಆಕಾರಕ್ಕೆ ಗಟ್ಟಿ ಆಧಾರ ಇದೆ, ನಡವಳಿಕೆಯಲ್ಲಿ ಊಹೆ ಜಾಸ್ತಿ.

2022ರ ಈ ಸರಣಿಯಲ್ಲಿ ಬರುವ ಡೈನೋಕೀರಸ್ ನೋಡಿ. 1965ರಲ್ಲಿ ಮಂಗೋಲಿಯಾದಲ್ಲಿ ಸಿಕ್ಕಿದ್ದು ಮುಖ್ಯವಾಗಿ ಅದರ ಎರಡು ತೋಳು, ಒಂದೊಂದೂ 2.4 ಮೀಟರ್ ಉದ್ದ. ಉಳಿದ ದೇಹ ಹೇಗಿತ್ತು ಅಂತ ತಿಳಿಯಲು 2014ರವರೆಗೆ ಕಾಯಬೇಕಾಯಿತು. ಆಗ ವಿವರಿಸಿದ ಅಸ್ಥಿಪಂಜರಗಳಲ್ಲಿ ಬೆನ್ನ ಮೇಲೆ ಎತ್ತರದ ಮೂಳೆಗಳಿದ್ದವು, ಬಾತುಕೋಳಿಯಂಥ ಚಪ್ಪಟೆ ಮೂತಿ ಇತ್ತು, ಹೊಟ್ಟೆಯ ಜಾಗದಲ್ಲಿ ಮೇವು ಅರೆಯಲು ನುಂಗಿದ ಸಾವಿರಕ್ಕೂ ಹೆಚ್ಚು ಸಣ್ಣ ಕಲ್ಲುಗಳು, ಜೊತೆಗೆ ಮೀನಿನ ಅವಶೇಷ. ಅದಕ್ಕೇ ಅದನ್ನು ನೀರಿನಲ್ಲಿ ನಿಂತು ಮೇಯುವ ಹಾಗೆ ತೋರಿಸಿದ್ದಾರೆ.

ಇದೇ ಸರಣಿಯಲ್ಲಿ ಕಾರ್ನೋಟಾರಸ್ ಅನ್ನುವ ಮಾಂಸಾಹಾರಿ ಡೈನೋಸಾರ್‌ನ ಗಂಡು ತನ್ನ ಪುಟ್ಟ ನೀಲಿ ಕೈ ಬೀಸಿ ಹೆಣ್ಣನ್ನು ಒಲಿಸಲು ನೋಡುತ್ತದಲ್ವಾ, ಅದರಲ್ಲಿ ಮೂಳೆ ಹೇಳುವುದು ಭುಜದ ಕೀಲು ಚೆನ್ನಾಗಿ ತಿರುಗುತ್ತಿತ್ತು ಅನ್ನುವುದಷ್ಟೇ. ಕುಣಿತ, ಬಣ್ಣ ಎಲ್ಲ ಊಹೆ. ಹಾಗಂತ ಸುಮ್ನೆ ಮನಸ್ಸಿಗೆ ಬಂದದ್ದಲ್ಲ, ಇವತ್ತಿನ ಹಕ್ಕಿಗಳನ್ನು ನೋಡಿ ಕಟ್ಟಿದ್ದು. ಬಣ್ಣ ನಿಜವಾಗಿ ಗೊತ್ತಾಗುವುದು ಪುಕ್ಕದಲ್ಲಿ ಬಣ್ಣದ ಕಣಗಳ ಗುರುತು ಉಳಿದಿದ್ದರೆ. ಚೀನಾದ ಸೈನೋಸಾರೊಪ್ಟೆರಿಕ್ಸ್ ಅನ್ನುವ ಪುಟ್ಟ ಡೈನೋಸಾರ್‌ಗೆ ಬಾಲದಲ್ಲಿ ಕೆಂಗಂದು ಪಟ್ಟೆ ಇತ್ತು ಅಂತ 2010ರಲ್ಲಿ ತಿಳಿದದ್ದು ಹೀಗೆ.

ಎರಡನೇ ಸೀಸನ್‌ನಲ್ಲಿ ನಮ್ಮ ದಖ್ಖನ್‌ನ ಜ್ವಾಲಾಮುಖಿ ನೆಲದಲ್ಲಿ ಮೊಟ್ಟೆ ಇಡುವ ಐಸಿಸಾರಸ್ ಅನ್ನುವ ಉದ್ದ ಕತ್ತಿನ ಡೈನೋಸಾರ್ ಇದೆ, ಅದನ್ನಂತೂ ತಪ್ಪದೆ ನೋಡಿ.