ಸರ್ವರ್ ಕೋಣೆಯ ಪ್ರಶ್ನೋತ್ತರ: ಸ್ವಂತ ರೆಪಾಸಿಟರಿ ಇಟ್ಟುಕೊಳ್ಳುವವರಿಗೆ

ಪ್ರಶ್ನೆ: ನಮ್ಮಲ್ಲಿ 60 ಡೆಬಿಯನ್ 12 (ಲಿನಕ್ಸ್) ಸರ್ವರ್‌ಗಳಿವೆ. ಅಪ್‌ಡೇಟ್ ದಿನ ಎಲ್ಲವೂ ಒಟ್ಟಿಗೆ ಇಂಟರ್ನೆಟ್‌ಗೆ ಹೋಗಿ ಆಫೀಸಿನ ಲೈನ್ ಜಾಮ್ ಆಗುತ್ತದೆ. ಪೂರ್ತಿ ಮಿರರ್, ಅಂದರೆ ಡೆಬಿಯನ್ ರೆಪಾಸಿಟರಿಯ (ಪ್ಯಾಕೇಜ್ ಭಂಡಾರದ) ಸ್ಥಳೀಯ ನಕಲು, ಇಟ್ಟುಕೊಳ್ಳಬೇಕೇ?
– ಹಿಂಜವಡಿ, ಪುಣೆ

ಉತ್ತರ: ಸದ್ಯಕ್ಕೆ ಬೇಡ. ಡೆಬಿಯನ್‌ನ ಹತ್ತಾರು ಸಾವಿರ ಪ್ಯಾಕೇಜ್‌ಗಳಲ್ಲಿ ನಿಮ್ಮ ಸರ್ವರ್‌ಗಳಿಗೆ ಬೇಕಾಗುವುದು ತೀರಾ ಕಡಿಮೆ. ಒಮ್ಮೆ ಇಳಿಸಿದ ಪ್ಯಾಕೇಜನ್ನು ಉಳಿಸಿಟ್ಟು (ಕ್ಯಾಶ್ ಮಾಡಿ) ಹಂಚುವ ಆಪ್ಟ್-ಕ್ಯಾಶರ್-ಎನ್‌ಜಿಯನ್ನು ಒಂದು ಚಿಕ್ಕ ಯಂತ್ರದಲ್ಲಿ ಹಾಕಿ. ಅದರ ಪೋರ್ಟ್ 3142. ಉಳಿದ ಸರ್ವರ್‌ಗಳ ಆಪ್ಟ್ (ಡೆಬಿಯನ್‌ನ ಪ್ಯಾಕೇಜ್ ಸಾಧನ) ಕಾನ್ಫಿಗರೇಶನ್‌ನಲ್ಲಿ ಎಚ್‌ಟಿಟಿಪಿ ಪ್ರಾಕ್ಸಿ ಎಂದು ಆ ಯಂತ್ರದ ವಿಳಾಸ ಕೊಡಿ. ಮೊದಲ ಸರ್ವರ್ ತರಿಸಿದ ಫೈಲೇ ಉಳಿದ 59ಕ್ಕೂ ಸಿಗುತ್ತದೆ.

ಇಲ್ಲಿ ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಆಪ್ಟ್ ಎಲ್ಲಿಂದ ಇಳಿಸಬೇಕೆಂಬ ಸೋರ್ಸ್ ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಇದ್ದರೆ ಹರಿದುಬರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ, ಕ್ಯಾಶ್ ಅದನ್ನು ಉಳಿಸಿಕೊಳ್ಳಲಾರದು. ಡೆಬಿಯನ್ ಸಾಲುಗಳನ್ನು ಎಚ್‌ಟಿಟಿಪಿ ಮಾಡಿ. ಪ್ಯಾಕೇಜ್ ಅಸಲಿಯೇ ಎಂದು ಆಪ್ಟ್ ತೀರ್ಮಾನಿಸುವುದು ಜಿಪಿಜಿ ಎಂಬ ಡಿಜಿಟಲ್ ಸಹಿಯಿಂದ. ನೀವು ಏನನ್ನು ಇಳಿಸುತ್ತಿದ್ದೀರಿ ಎಂಬುದು ದಾರಿಯಲ್ಲಿರುವವರಿಗೆ ಕಾಣಬಹುದು. ಅದು ಅಡ್ಡಿಯಿಲ್ಲವೆಂದರೆ ಧಾರಾಳವಾಗಿ ಬಳಸಿ.

ಪ್ರಶ್ನೆ: ಹಳೆಯ ಸೆಂಟ್‌ಒಎಸ್ 7 (ಇನ್ನೊಂದು ಲಿನಕ್ಸ್) ಯಂತ್ರದಲ್ಲಿ ಅದರ ಪ್ಯಾಕೇಜ್ ಸಾಧನ ಯಮ್ ಓಡಿಸಿದರೆ ಮಿರರ್‌ಲಿಸ್ಟ್ ವಿಳಾಸವೇ ಸಿಗುತ್ತಿಲ್ಲ.
– ಡೊಂಬಿವಲಿ

ಉತ್ತರ: 2024ರ ಜೂನ್ 30ಕ್ಕೆ ಅದರ ಆಯುಷ್ಯ ಮುಗಿಯಿತು. ರೆಪೋ ಫೈಲಿನ ಮಿರರ್‌ಲಿಸ್ಟ್ ಸಾಲುಗಳನ್ನು ಕಾಮೆಂಟ್ ಮಾಡಿ, ಬೇಸ್‌ಯುಆರ್‌ಎಲ್ ಸಾಲುಗಳನ್ನು ಬಿಚ್ಚಿ ವಿಳಾಸವನ್ನು ಹಳೆಯ ಆವೃತ್ತಿಗಳನ್ನು ಇಡುವ ಸೆಂಟ್‌ಒಎಸ್‌ನ ವಾಲ್ಟ್ ಸರ್ವರ್‌ಗೆ ತಿರುಗಿಸಿ, ಯಮ್ ಕ್ಲೀನ್ ಆಲ್ ಕೊಡಿ. ಅಲ್ಲಿ ಹೊಸ ಭದ್ರತಾ ತೇಪೆಗಳು ಬರುವುದಿಲ್ಲ. ಯಂತ್ರ ಬದಲಿಸುವವರೆಗಿನ ಆಸರೆ ಮಾತ್ರ ಎಂದು ತಿಳಿಯಿರಿ.

ಪ್ರಶ್ನೆ: ಪ್ರತಿ ರಾತ್ರಿ ಆರ್‌ಸಿಂಕ್‌ನಿಂದ (ಫೈಲುಗಳನ್ನು ನಕಲಿಸುವ ಸಾಧನ) ಡೆಬಿಯನ್ ಮಿರರ್ ತುಂಬಿಸುತ್ತೇವೆ. ಮಳೆಗಾಲದಲ್ಲಿ ಲೈನ್ ಆಗಾಗ ಹೋಗುತ್ತದೆ. ಮರುದಿನ ಸರ್ವರ್‌ಗಳಲ್ಲಿ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’, ಇಲ್ಲವೇ 404 (ಫೈಲ್ ಇಲ್ಲ). ಸೋರ್ಸ್ ಸಾಲಿಗೆ ‘ಟ್ರಸ್ಟೆಡ್=ಯೆಸ್’ ಸೇರಿಸಬಹುದೇ?
– ವಾಸ್ಕೊ, ಗೋವಾ

ಉತ್ತರ: ದಯವಿಟ್ಟು ಸೇರಿಸಬೇಡಿ. ಅದು ಸಹಿ ಪರೀಕ್ಷೆಯನ್ನು ಬದಿಗಿಡುತ್ತದೆ. ನಿಮ್ಮ ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ರೆಪಾಸಿಟರಿಯ ಮೇಲ್ಪಟ್ಟಿಯಾದ ಇನ್‌ರಿಲೀಸ್ ಫೈಲಿಗೆ ಸಹಿ ಇದೆ. ಅದರೊಳಗೆ ಪ್ಯಾಕೇಜಸ್ ಸೂಚಿಗಳ ಹ್ಯಾಶ್ (ಫೈಲಿನ ಒಳಗನ್ನು ಗುರುತಿಸುವ ಸಂಕೇತ), ಆ ಸೂಚಿಗಳೊಳಗೆ ಒಂದೊಂದು ಡೆಬ್ (ಪ್ಯಾಕೇಜ್) ಫೈಲಿನ ಹ್ಯಾಶ್. ಇನ್‌ರಿಲೀಸ್ ಹೊಸದು, ಸೂಚಿ ಹಳೆಯದು ಎಂಬ ಹೊತ್ತಿನಲ್ಲಿ ಲೈನ್ ಹೋದರೆ ಮಿಸ್‌ಮ್ಯಾಚ್. ಸೂಚಿ ಬಂದು ಡೆಬ್ ಬರದಿದ್ದರೆ 404. ಅಂದರೆ ತಪ್ಪಿರುವುದು ಇಳಿಸುವ ಕ್ರಮದಲ್ಲಿ.

ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ಸೂಚಿಗಳಿರುವ ಡಿಸ್ಟ್ಸ್ ಫೋಲ್ಡರನ್ನು ಹೊರಗಿಟ್ಟು ಡೆಬ್ ಫೈಲುಗಳಿರುವ ಪೂಲ್ ಮಾತ್ರ ತನ್ನಿ, ಏನನ್ನೂ ಅಳಿಸಬೇಡಿ. ಇಲ್ಲಿ ಲೈನ್ ಹೋದರೂ ಹಳೆಯ ಸೂಚಿಗೆ ಹಳೆಯ ಪ್ಯಾಕೇಜ್‌ಗಳು ಇದ್ದೇ ಇರುತ್ತವೆ. ಆರ್‌ಸಿಂಕ್‌ನ ಎಕ್ಸಿಟ್ ಕೋಡ್ 0 ಬಂದರೆ ಮಾತ್ರ ಎರಡನೇ ಸುತ್ತಿಗೆ ಹೋಗಿ. ಆಗ ಡಿಸ್ಟ್ಸ್ ಸೇರಿ ಎಲ್ಲವೂ ಬರಲಿ, ಅಳಿಸುವುದು ಡಿಲೀಟ್-ಆಫ್ಟರ್ ಆಯ್ಕೆಯಿಂದ ಕೊನೆಗಾಗಲಿ. ಸೂಚಿಗಳನ್ನು ಹ್ಯಾಶ್ ಹೆಸರಿನಲ್ಲಿ ಇಡುವ ಬೈ-ಹ್ಯಾಶ್ ಫೋಲ್ಡರ್‌ಗಳನ್ನು ಜಾಗ ಉಳಿಸಲೆಂದು ಬಿಟ್ಟುಬಿಡುವವರಿದ್ದಾರೆ. ಸೂಚಿ ಬದಲಾಗುವ ಕ್ಷಣದಲ್ಲಿ ಆಪ್ಟ್‌ಗೆ ಸರಿಯಾದ ಆವೃತ್ತಿ ಸಿಗುವುದೇ ಅವುಗಳಿಂದ, ಬಿಡಬೇಡಿ. ನಿನ್ನೆಯ ಸಿಂಕ್ ಮುಗಿಯುವ ಮೊದಲೇ ಇವತ್ತಿನದು ಶುರುವಾಗದಂತೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸಾಧನ) ಸಾಲಿಗೆ ಎಫ್‌ಲಾಕ್ ಎಂಬ ಬೀಗ ಹಾಕಿ. ಇದನ್ನೆಲ್ಲ ಕೈಯಿಂದ ಬರೆಯುವ ಬದಲು ಡೆಬಿಯನ್‌ನವರದೇ ಎಫ್‌ಟಿಪಿಸಿಂಕ್ ಸ್ಕ್ರಿಪ್ಟ್ ಬಳಸುವುದು ಮೇಲು; ಅದು ಇದೇ ಎರಡು ಸುತ್ತಿನ ಕ್ರಮದಲ್ಲಿ ನಡೆಯುತ್ತದೆ.

ಪ್ರಶ್ನೆ: ಟೆಸ್ಟ್ ಸರ್ವರ್‌ನಲ್ಲಿ ಪರೀಕ್ಷಿಸಿದ ಆವೃತ್ತಿಗಳೇ ಒಂದು ವಾರದ ನಂತರ ಪ್ರೊಡಕ್ಷನ್‌ಗೂ ಹೋಗಬೇಕು. ಅಷ್ಟರಲ್ಲಿ ಮಿರರ್ ಬದಲಾಗಿರುತ್ತದೆ.
– ಅಂಧೇರಿ, ಮುಂಬಯಿ

ಉತ್ತರ: ದಿನಾಂಕದ ಹೆಸರಿನಲ್ಲಿ ಸ್ನ್ಯಾಪ್‌ಶಾಟ್ (ಆ ದಿನದ ರೆಪಾಸಿಟರಿಯ ಸ್ಥಿತಿ) ಹಿಡಿದಿಡಿ. ಬರಿಯ ನಕಲು ಸಾಲದು: ಡೆಬಿಯನ್ ಸೆಕ್ಯುರಿಟಿಯ ರಿಲೀಸ್ ಫೈಲಿನಲ್ಲಿ ‘ವ್ಯಾಲಿಡ್-ಅಂಟಿಲ್’ ದಿನಾಂಕ ಇರುತ್ತದೆ, ಸುಮಾರು 7 ದಿನದ ಅವಧಿ. ಅದು ದಾಟಿದರೆ ಆಪ್ಟ್ ನಿರಾಕರಿಸುತ್ತದೆ.

ರೆಪಾಸಿಟರಿಗಳ ಸ್ನ್ಯಾಪ್‌ಶಾಟ್ ತೆಗೆದು ಪ್ರಕಟಿಸುವ ಆಪ್ಟ್‌ಲಿ ಸಾಧನ ಬಳಸಿ. ಮಿರರ್ ಕ್ರಿಯೇಟ್‌ನಲ್ಲಿ ನಿಮಗೆ ಬೇಕಾದ ಆರ್ಕಿಟೆಕ್ಚರ್ ಮಾತ್ರ ಕೊಡಿ, ಮಿರರ್ ಅಪ್‌ಡೇಟ್ ಮಾಡಿ, ಸ್ನ್ಯಾಪ್‌ಶಾಟ್ ತೆಗೆದು ಟೆಸ್ಟ್ ಹೆಸರಿನಲ್ಲಿ ಪಬ್ಲಿಶ್ ಮಾಡಿ. ವಾರದ ನಂತರ ಪ್ರೊಡಕ್ಷನ್ ಪಬ್ಲಿಶ್‌ಗೆ ‘ಸ್ವಿಚ್’ ಕೊಟ್ಟು ಅದೇ ಸ್ನ್ಯಾಪ್‌ಶಾಟ್ ತೋರಿಸಿ. ಸ್ನ್ಯಾಪ್‌ಶಾಟ್ ಎಂದರೆ ಪಟ್ಟಿ ಮಾತ್ರ. ಫೈಲುಗಳು ಪೂಲಿನಲ್ಲಿ ಒಂದೇ ಸಲ ಇರುವುದರಿಂದ ಡಿಸ್ಕ್ ಉಬ್ಬುವುದಿಲ್ಲ. ಹಳೆಯ ಸ್ನ್ಯಾಪ್‌ಶಾಟ್ ತೆಗೆದರೂ ಜಾಗ ಬಿಡುಗಡೆಯಾಗದಿದ್ದರೆ ಡಿಬಿ ಕ್ಲೀನಪ್ ಓಡಿಸಿ.

ಆಪ್ಟ್‌ಲಿ ನಿಮ್ಮ ಕೀಲಿಯಿಂದ ಹೊಸದಾಗಿ ಸಹಿ ಹಾಕುತ್ತದೆ. ಸಾರ್ವಜನಿಕ ಕೀಲಿಯನ್ನು ಪ್ರತಿ ಸರ್ವರ್‌ನ ಇಟಿಸಿ/ಆಪ್ಟ್/ಕೀರಿಂಗ್ಸ್‌ನಲ್ಲಿಟ್ಟು, ಸೋರ್ಸ್ ಸಾಲಿನಲ್ಲಿ ‘ಸೈನ್ಡ್-ಬೈ’ ಎಂದು ಅದನ್ನೇ ತೋರಿಸಿ. ಕೀಲಿ ಅಕ್ಷರರೂಪದಲ್ಲಿದ್ದರೆ ಫೈಲ್ ಹೆಸರಿನ ಕೊನೆ ಎಎಸ್‌ಸಿ, ಬೈನರಿಯಾದರೆ ಜಿಪಿಜಿ, ಅನುಮತಿ 644. ಇವೆರಡರಲ್ಲಿ ಒಂದು ತಪ್ಪಿದರೂ ‘ನೋ ಪಬ್‌ಕೀ’ ದೋಷ ಬರುತ್ತದೆ, ಜನ ಕೀಲಿಯೇ ಕೆಟ್ಟಿದೆ ಎಂದು ಗಂಟೆಗಟ್ಟಲೆ ಹುಡುಕುತ್ತಾರೆ.

ಪ್ರೊಡಕ್ಷನ್‌ನಲ್ಲಿ ತೊಂದರೆಯಾಗಿ ಹಿಂದಿನ ಸ್ನ್ಯಾಪ್‌ಶಾಟ್‌ಗೆ ಸ್ವಿಚ್ ಮಾಡಿದರೂ, ಆಗಲೇ ಹೊಸ ಆವೃತ್ತಿ ಹಾಕಿಕೊಂಡ ಸರ್ವರ್‌ಗಳು ತಾವಾಗಿ ಹಿಂದಕ್ಕೆ ಬರುವುದಿಲ್ಲ. ಪ್ಯಾಕೇಜ್ ಹೆಸರಿನ ಜೊತೆ ಹಳೆಯ ಆವೃತ್ತಿಯನ್ನು ನಮೂದಿಸಿ ಇನ್‌ಸ್ಟಾಲ್ ಮಾಡಬೇಕು, ಇಲ್ಲವೇ ಆಪ್ಟ್ ಪ್ರಿಫರೆನ್ಸಸ್‌ನಲ್ಲಿ ಆ ರೆಪಾಸಿಟರಿಯ ಪಿನ್ ಆದ್ಯತೆಯನ್ನು 1001 ಮಾಡಬೇಕು. ಕೆಲಸ ಮುಗಿದ ಕೂಡಲೇ ಆ ಪಿನ್ ತೆಗೆಯಿರಿ. ಡೇಟಾಬೇಸ್ ಪ್ಯಾಕೇಜ್ ಆಗಿದ್ದರೆ ಹಿಂದಿನ ಆವೃತ್ತಿಗೆ ಇಳಿಸುವ ಮೊದಲು ಬ್ಯಾಕಪ್ ತೆಗೆದಿರಿ. ಹೊಸ ಆವೃತ್ತಿ ಬದಲಿಸಿದ ಡೇಟಾ ಫೈಲುಗಳನ್ನು ಹಳೆಯದು ಓದದೇ ಹೋಗಬಹುದು.