ಓದುಗರ ಕಟ್ಟೆ: ಸಮುದ್ರದ ಬೋಟ್ ರೇಸು ಇನ್ನೆಷ್ಟು ದಿನ?

ಹೋದ ಸಂಚಿಕೆಯಲ್ಲಿ ವಿರಾಟ್ ಕೊಹ್ಲಿಗೆ ಒಂದು ಎಲೆಕ್ಟ್ರಿಕ್ ಬೋಟ್ ರೇಸ್ ತಂಡದಲ್ಲಿ ಪಾಲಿದೆ ಅಂತ ಒಂದೇ ಒಂದು ಸಾಲು ಬರೆದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಅರ್ಧ ಜನ ಕೊಹ್ಲಿ ಬಗ್ಗೆನೇ ಕೇಳಿದಾರೆ, ಅವನ್ನ ಪಕ್ಕಕ್ಕಿಟ್ಟೆ. ಉಳಿದವ್ರು ಆಫ್‌ಶೋರ್ ಪವರ್‌ಬೋಟ್ ರೇಸ್, ಅಂದ್ರೆ ತೆರೆದ ಸಮುದ್ರದಲ್ಲಿ ಅಲೆ ಮೇಲೆ ಓಡಿಸೋ ಆಟ, ಅದರ ಮುಂದಿನ ಗತಿ ಏನು ಅಂತ ಕೇಳಿದಾರೆ. ಸಿಕ್ಕಷ್ಟಕ್ಕೆ ಉತ್ತರ ಇಲ್ಲಿದೆ.

ಪ್ರ: ಶಾಂತವಾದ ನೀರಲ್ಲಿ ನಡೆಯೋ ಬೋಟ್ ರೇಸಿಗೂ ಈ ಆಫ್‌ಶೋರ್‌ಗೂ ಏನ್ ಸಾರ್ ಅಂಥಾ ವ್ಯತ್ಯಾಸ? ಎರಡೂ ನೀರೇ ತಾನೆ?

ಉ: ನೀರೇ, ಆದ್ರೆ ಒಂದು ಕಡೆ ನೀರು ರಸ್ತೆ, ಇನ್ನೊಂದು ಕಡೆ ನೀರೇ ಎದುರಾಳಿ. ಈ ಆಟ ಈಗಿನ ರೂಪಕ್ಕೆ ಬಂದಿದ್ದು 1956ರಲ್ಲಿ, ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವ್‌ವರೆಗೆ, ಹತ್ತಿರ ಹತ್ತಿರ 300 ಕಿ.ಮೀ. ಅಲ್ಲಿ ಟ್ರ್ಯಾಕೂ ಇಲ್ಲ, ಸ್ಟ್ಯಾಂಡೂ ಇಲ್ಲ, ಈ ಊರಿಂದ ಹೊರಟು ಆ ಊರಿಗೆ ಮುಟ್ಟಿದ್ರೆ ಮುಗೀತು, ಮುಟ್ಟೋದೇ ದೊಡ್ಡದು. 1960ರ ರೇಸ್ ಕಥೆ ಕೇಳಿ. ಸಮುದ್ರ ಕೆಟ್ಟು ಕೂತಿತ್ತು, ಎಂಟಡಿ ಅಲೆ, ಎದುರುಗಾಳಿ. ರಿಚರ್ಡ್ ಬರ್ಟ್ರಮ್ ಅನ್ನೋರ 'ಮಾಪಿ' ಅನ್ನೋ 31 ಅಡಿ ಬೋಟು ಎಂಟು ಗಂಟೆಯಲ್ಲಿ ತಲುಪಿಬಿಡ್ತು, ಎರಡನೇ ಬೋಟು ಬಂದಿದ್ದು ಎರಡು ಗಂಟೆ ಬಿಟ್ಟು, ಅದಾದ ಮೇಲಿನದ್ದು ಬಂದಿದ್ದು ಮಾರನೇ ದಿನ! ಗುಟ್ಟು ಎಂಜಿನ್ನಲ್ಲಿ ಇರ್ಲಿಲ್ಲ, ಬೋಟಿನ ತಳದಲ್ಲಿತ್ತು. ರೇ ಹಂಟ್ ಅನ್ನೋ ಡಿಸೈನರ್ ತಳವನ್ನ ಹಿಂದಿನ ತುದಿವರೆಗೂ ಸುಮಾರು 24 ಡಿಗ್ರಿ ಇಳಿಜಾರಲ್ಲಿ 'ವಿ' ಆಕಾರಕ್ಕೆ ತಂದಿದ್ರು. ಚಪ್ಪಟೆ ತಳದ ಬೋಟು ಅಲೆ ಮೇಲಿಂದ ಬಿದ್ರೆ ಕಲ್ಲಿನ ಮೇಲೆ ಹಲಗೆ ಕುಕ್ಕಿದ ಹಾಗೆ, ವಿ ತಳದ್ದು ನೀರನ್ನ ಸೀಳಿಕೊಂಡು ಇಳಿಯತ್ತೆ. ಇವತ್ತು ಸಮುದ್ರಕ್ಕೆ ಇಳಿಯೋ ಎಷ್ಟೋ ಸ್ಪೀಡ್‌ಬೋಟುಗಳ ತಳಕ್ಕೆ ಆ ರೇಸೇ ಮೂಲ. ಭವಿಷ್ಯದ ಮಾತು ಬಂದಾಗ ಇದು ನೆನಪಿರ್ಲಿ, ಈ ಆಟಕ್ಕೆ ಬೆಲೆ ಬಂದಿದ್ದೇ ಕೆಟ್ಟ ಸಮುದ್ರದಿಂದ.

ಪ್ರ: ವಿಡಿಯೋದಲ್ಲಿ ನೋಡಿದ್ರೆ ಒಳಗೆ ಇಬ್ಬರು ಕೂತಿರ್ತಾರೆ. ಒಬ್ಬ ಓಡಿಸ್ತಾನೆ, ಇನ್ನೊಬ್ಬ ಸುಮ್ನೆ ಲಿವರ್ ಹಿಡ್ಕೊಂಡಿರ್ತಾನೆ. ಅವನಿಗೆ ಏನ್ ಕೆಲಸ?

ಉ: ಅಯ್ಯೋ, ಅರ್ಧ ರೇಸ್ ಅವನ ಕೈಯಲ್ಲೇ ಇರೋದು! ಸ್ಟೀರಿಂಗ್ ಹಿಡಿದವ್ನು ಡ್ರೈವರ್, ಲಿವರ್ ಹಿಡಿದವ್ನು ಥ್ರಾಟಲ್‌ಮ್ಯಾನ್. ಬೋಟು 200 ಕಿ.ಮೀ ವೇಗದಲ್ಲಿ ಅಲೆ ನೆತ್ತಿಯಿಂದ ಹಾರಿದ ಕೂಡ್ಲೆ ಪ್ರೊಪೆಲ್ಲರ್ ಪೂರ್ತಿ ನೀರಿಂದ ಆಚೆ ಬಂದುಬಿಡತ್ತೆ, ತಳ್ಳೋಕೆ ನೀರೇ ಇಲ್ಲ ಅಂದಮೇಲೆ ಎಂಜಿನ್ ಹುಚ್ಚು ಹಿಡಿದ ಹಾಗೆ ಕಿರುಚುತ್ತೆ. ಆ ಕ್ಷಣಕ್ಕೆ ಸರಿಯಾಗಿ ಅವನು ಲಿವರ್ ಹಿಂದಕ್ಕೆಳೀಬೇಕು, ಬೋಟು ನೀರಿಗೆ ತಾಗೋ ಹೊತ್ತಿಗೆ ಮತ್ತೆ ಮುಂದಕ್ಕೆ ತಳ್ಳಬೇಕು. ಎಳೆಯೋದು ತಡವಾದ್ರೆ ತಿರುಗ್ತಿರೋ ಪ್ರೊಪೆಲ್ಲರ್ ಒಮ್ಮೆಲೇ ನೀರು ಕಚ್ಚಿ ಗೇರು, ಶಾಫ್ಟು ಕಿತ್ತು ಬರತ್ತೆ, ತಳ್ಳೋದು ತಡವಾದ್ರೆ ಮೂತಿ ನೀರಿಗೆ ಚುಚ್ಚತ್ತೆ. ಜೊತೆಗೆ ಟ್ರಿಮ್ ನೋಡ್ಕೋಬೇಕು, ಮೂತಿ ಎಷ್ಟು ಎತ್ತರ ಇರಬೇಕು ಅಂತ. ನಿಮಿಷಕ್ಕೆ ಎಷ್ಟು ಅಲೆಯೋ ಅಷ್ಟು ಸಲ, ರೇಸ್ ಮುಗಿಯೋವರೆಗೂ. ಒಂದು ತರಹ ತಬಲಾ ಸಾಥ್ ಇದ್ದ ಹಾಗೆ, ಗಾಯಕ ಎಲ್ಲಿ ತಿರುಗ್ತಾನೆ ಅಂತ ಮೊದಲೇ ಗೊತ್ತಿರ್ಬೇಕು.

ಪ್ರ: ಕಾರು, ಬಸ್ಸು ಎಲ್ಲಾ ಎಲೆಕ್ಟ್ರಿಕ್ ಆಗ್ತಿದೆ. ಇನ್ನು ಹತ್ತು ವರ್ಷದಲ್ಲಿ ಈ ಪೆಟ್ರೋಲ್ ಬೋಟುಗಳೆಲ್ಲ ಮ್ಯೂಸಿಯಂ ಸೇರ್ತವೆ ಅಂತ ನನ್ನ ವಾದ, ಸ್ನೇಹಿತ ಒಪ್ಪಲ್ಲ. ಯಾರು ಸರಿ?

ಉ: ಸ್ನೇಹಿತರೇ ಸರಿ, ಆದ್ರೆ ಅವ್ರು ಹೇಳೋ ಕಾರಣ ಬೇರೆ ಇರಬಹುದು, ನನ್ನ ಲೆಕ್ಕ ಕೇಳಿ.

ಎಲೆಕ್ಟ್ರಿಕ್ ರೇಸ್ ಬಂದಾಗಿದೆ, ಇ1 ಅಂತ, 2024ರ ಫೆಬ್ರವರಿಯಲ್ಲಿ ಸೌದಿಯ ಜೆಡ್ಡಾದಲ್ಲಿ ಮೊದಲ ರೇಸ್ ಆಯ್ತು. ಬೋಟಿನ ಹೆಸರು ರೇಸ್‌ಬರ್ಡ್. ಕೆಳಗೆ ರೆಕ್ಕೆ ಥರದ ಫಾಯಿಲ್ ಇದೆ, ವೇಗ ಏರಿದ ಹಾಗೆ ಬೋಟು ನೀರಿಂದ ಮೇಲೆದ್ದು ರೆಕ್ಕೆ ಮೇಲೇ ಹೋಗತ್ತೆ, ನೀರಿನ ತಡೆ ಕಮ್ಮಿ, ಹಾಗಾಗಿ ಕಮ್ಮಿ ಶಕ್ತಿಯಲ್ಲೇ ಕೆಲಸ ಆಗತ್ತೆ. ಮೋಟಾರ್ 150 ಕಿಲೋವ್ಯಾಟ್, ಬ್ಯಾಟರಿ ಸುಮಾರು 35 ಯೂನಿಟ್, ವೇಗ ಗಂಟೆಗೆ 93 ಕಿ.ಮೀ ಆಸುಪಾಸು. ನೋಡೋಕೆ ಚೆಂದ, ನನಗಂತೂ ಇಷ್ಟ ಆಯ್ತು.

ಈಗ ಆಫ್‌ಶೋರ್‌ನ ದೊಡ್ಡ ಕ್ಲಾಸ್, ಕ್ಲಾಸ್ 1 ತಗೊಳ್ಳಿ. ಎರಡು ಹಲ್ (ಬೋಟಿನ ಒಡಲು) ಇರೋ ಕ್ಯಾಟಮರನ್, ಐದು ಟನ್ ಹತ್ತಿರ ತೂಕ, 1100 ಎಚ್‌ಪಿಯ ಎರಡು ಎಂಜಿನ್, ವೇಗ 250 ಕಿ.ಮೀ ಮುಟ್ಟತ್ತೆ. 2200 ಎಚ್‌ಪಿ ಅಂದ್ರೆ 1640 ಕಿಲೋವ್ಯಾಟ್. ಪೂರ್ತಿ ಥ್ರಾಟಲ್ ಯಾವಾಗ್ಲೂ ಇರಲ್ಲ, ಸರಾಸರಿ ಅರ್ಧ ಅಂತ ಇಟ್ಕೊಳ್ಳಿ, ಅರ್ಧ ಗಂಟೆ ರೇಸಿಗೆ ಸುಮಾರು 410 ಯೂನಿಟ್ ಕರೆಂಟ್ ಬೇಕು. ರೇಸ್‌ಬರ್ಡ್‌ನ ಬ್ಯಾಟರಿ ಆದ್ರೆ ಹನ್ನೆರಡು! ಇವತ್ತಿನ ಬ್ಯಾಟರಿ ಪ್ಯಾಕಲ್ಲಿ ಕೆಜಿಗೆ 0.2 ಯೂನಿಟ್ ಅಂದ್ರೂ ಎರಡು ಟನ್ ಬ್ಯಾಟರಿ ಆಯ್ತು. ಅದೇ ಕೆಲಸಕ್ಕೆ ಪೆಟ್ರೋಲ್ ನೂರಿಪ್ಪತ್ತು-ನೂರಮೂವತ್ತು ಕೆಜಿ ಸಾಕು, ಅದೂ ಉರಿದ ಹಾಗೆ ಬೋಟು ಹಗುರಾಗ್ತಾ ಹೋಗತ್ತೆ, ಬ್ಯಾಟರಿ ಖಾಲಿ ಆದ್ರೂ ತೂಕ ತೂಕವೇ. ಆ ಎರಡು ಟನ್ನನ್ನ ಹೊತ್ಕೊಂಡು ಅಲೆ ಮೇಲಿಂದ ಕುಕ್ಕಿಸಿಕೊಂಡು ಹೋಗೋದು ಹೇಗಿರತ್ತೆ ಯೋಚನೆ ಮಾಡಿ. ಫಾಯಿಲ್ ಹಾಕಿದ್ರೆ ಆಗಲ್ವಾ ಅಂತೀರೇನೋ. ರೆಕ್ಕೆಗಿಂತ ಅಲೆ ಎತ್ತರ ಆದ ಕೂಡ್ಲೆ ಆ ಉಪಾಯ ಕೈಕೊಡತ್ತೆ, ಅದಕ್ಕೇ ಇ1 ನಡೆಯೋದು ಬಂದರು, ಸರೋವರ, ದಡದ ಪಕ್ಕದ ನೀರಲ್ಲಿ. ಹಾಗಾಗಿ ಎಲೆಕ್ಟ್ರಿಕ್ ಬೆಳೆಯತ್ತೆ, ಬೆಳೀಲಿ, ಆದ್ರೆ ಅದು ಪಕ್ಕದ ಮನೆ, ಆಫ್‌ಶೋರ್ ಮನೆಗೆ ಅದು ವಾರಸುದಾರ ಅಲ್ಲ, ಹತ್ತು ವರ್ಷದಲ್ಲಂತೂ ಅಲ್ಲ.

ಪ್ರ: ನೀರ ಮೇಲೆ ಅತಿ ವೇಗದ ದಾಖಲೆ ಎಷ್ಟು?

ಉ: ಗಂಟೆಗೆ 511 ಕಿ.ಮೀ, ಆಸ್ಟ್ರೇಲಿಯಾದ ಕೆನ್ ವಾರ್ಬಿ, 1978. ಮನೆ ಹಿತ್ತಲಲ್ಲಿ ಕಟ್ಟಿದ ಜೆಟ್ ಬೋಟು, ಓಡಿಸಿದ್ದು ಅಣೆಕಟ್ಟೆಯ ನಿಂತ ನೀರಲ್ಲಿ. ಆಫ್‌ಶೋರ್‌ಗೂ ಇದಕ್ಕೂ ಸಂಬಂಧ ಇಲ್ಲ.

ಪ್ರ: ಒಲಿಂಪಿಕ್ಸ್‌ಗೆ ಬರೋ ಚಾನ್ಸ್ ಇದೆಯಾ?

ಉ: ಬಂದು ಹೋಗಿದೆ ಸ್ವಾಮಿ! 1908ರ ಲಂಡನ್ ಒಲಿಂಪಿಕ್ಸಲ್ಲಿ ಮೋಟಾರ್ ಬೋಟಿಂಗ್ ಇತ್ತು, ಮೂರು ಸ್ಪರ್ಧೆ, ಹವಾಮಾನ ಕೆಟ್ಟು ಮೂರರಲ್ಲೂ ಗುರಿ ಮುಟ್ಟಿದ್ದು ಒಂದೊಂದೇ ಬೋಟು. ಆಮೇಲೆ ಒಲಿಂಪಿಕ್ಸ್‌ನೋರು ಎಂಜಿನ್ ಬಲದ ಆಟಗಳನ್ನ ದೂರವೇ ಇಟ್ರು. ವಾಪಸ್ ಬರೋ ಆಸೆ ಬೇಡ.

ಪ್ರ: ಇಷ್ಟು ಜನ ಸಾಯೋ ಆಟಕ್ಕೆ ಭವಿಷ್ಯ ಯಾಕೆ ಬೇಕು? ನಿಲ್ಲಿಸಿಬಿಡೋದೇ ಒಳ್ಳೇದಲ್ವಾ?

ಉ: ಕೋಪದಲ್ಲಿ ಬರೆದಿದೀರಿ, ಆದ್ರೆ ಮಾತು ಸುಳ್ಳಲ್ಲ. 1987ರಲ್ಲಿ ಫಾರ್ಮುಲಾ 1ರ ಹಳೇ ಸ್ಟಾರ್ ದಿದಿಯೆ ಪಿರೋನಿ ಇಂಗ್ಲೆಂಡಿನ ವೈಟ್ ದ್ವೀಪದ ಹತ್ತಿರ ತೀರ್ಕೊಂಡಿದ್ದು ಒಂದು ತೈಲ ಹಡಗು ಎಬ್ಬಿಸಿದ ಅಲೆಗೆ ಸಿಕ್ಕಿ, ಜೊತೆಗಿದ್ದ ಇಬ್ಬರೂ ಹೋದ್ರು. 1990ರಲ್ಲಿ ಮೊನಾಕೋ ರಾಜಕುಮಾರಿ ಕ್ಯಾರೊಲಿನ್ ಅವ್ರ ಗಂಡ ಸ್ಟೆಫಾನೋ ಕಾಸಿರಾಗಿ, ಆಗಿನ ವಿಶ್ವ ಚಾಂಪಿಯನ್, ವಯಸ್ಸು 30, ತೆರೆದ ಕಾಕ್‌ಪಿಟ್ಟಿನ ಬೋಟು ಮಗುಚಿ ತೀರ್ಕೊಂಡ್ರು. 2011ರಲ್ಲಿ ಅಮೆರಿಕದ ಫ್ಲೋರಿಡಾದ ಕೀ ವೆಸ್ಟ್ ರೇಸಲ್ಲಿ ಒಂದೇ ವಾರ ಮೂರು ಜನ.

ಕ್ಯಾಟಮರನ್‌ಗೆ ಒಂದು ವಿಚಿತ್ರ ಗುಣ ಇದೆ. ಎರಡು ಹಲ್ ಮಧ್ಯದ ಸುರಂಗಕ್ಕೆ ಗಾಳಿ ನುಗ್ಗಿ ಬೋಟನ್ನ ಎತ್ತಿ ಹಿಡಿಯತ್ತೆ, ಅದಕ್ಕೇ ಅಷ್ಟು ವೇಗ. ಮೂತಿ ಒಂದು ಚೂರು ಜಾಸ್ತಿ ಎದ್ರೆ ಅದೇ ಗಾಳಿ ಬೋಟನ್ನ ಬೆನ್ನ ಮೇಲೆ ಮಗುಚಿ ಹಾಕತ್ತೆ. ಎತ್ತೋದೂ ಅದೇ, ಕೊಲ್ಲೋದೂ ಅದೇ. ಈಗ ಯುದ್ಧವಿಮಾನದ ಥರ ಗಟ್ಟಿ ಕ್ಯಾನಪಿ, ಅಂದ್ರೆ ಕಾಕ್‌ಪಿಟ್ಟಿಗೆ ಮುಚ್ಚಳ ಇದೆ, ಐದಾರು ಕಡೆ ಬಿಗಿಯೋ ಬೆಲ್ಟ್, ತಲೆಕೆಳಗಾದ್ರೆ ಉಸಿರಾಡೋಕೆ ಗಾಳಿ, ಆಚೆ ಬರೋಕೆ ಹ್ಯಾಚ್ ಅನ್ನೋ ಕಿರುಬಾಗಿಲು. ರೇಸಿಗೆ ಮುಂಚೆ ಡಂಕರ್ ಟೆಸ್ಟ್ ಅಂತ ಮಾಡ್ತಾರೆ, ಡಮ್ಮಿ ಕಾಕ್‌ಪಿಟ್ಟಲ್ಲಿ ಕಟ್ಟಿ ಈಜುಕೊಳದಲ್ಲಿ ತಲೆಕೆಳಗೆ ಮುಳುಗಿಸ್ತಾರೆ, ತಾನಾಗೇ ಬೆಲ್ಟ್ ಬಿಚ್ಕೊಂಡು ಆಚೆ ಬರಬೇಕು. ಬಂದ್ರೆ ರೇಸ್, ಇಲ್ಲಾಂದ್ರೆ ಮನೆ. ಮೊದಲು ಬದುಕೋಕೆ ಸಾಧ್ಯವೇ ಇಲ್ಲದ ಅಪಘಾತದಿಂದ ಈಗ ಜನ ಕೈ ಬೀಸ್ಕೊಂಡು ಬರ್ತಿದಾರೆ. ಹಾಗಂತ ಅಪಾಯ ಹೋಯ್ತು ಅಂತ ನಾನು ಹೇಳಲ್ಲ, ಹೋಗೋದೂ ಇಲ್ಲ. ನಿಲ್ಲಿಸ್ಬೇಕಾ ಅನ್ನೋದಕ್ಕೆ ನನ್ನ ಉತ್ತರ ಬೇಡ ಅಂತಾನೇ, ನಿಮ್ಮ ಉತ್ತರ ಬೇರೆ ಇದ್ರೆ ಜಗಳ ಆಡಲ್ಲ.

ಪ್ರ: ಅಷ್ಟೊಂದು ರೋಮಾಂಚಕ ಅಂತೀರಿ, ಮತ್ತೆ ಯಾರೂ ಯಾಕೆ ನೋಡಲ್ಲ? ಚಾಂಪಿಯನ್ ಯಾರು ಅಂತ ಹುಡುಕಿದ್ರೆ ನಾಲ್ಕು ಹೆಸರು ಬರತ್ತೆ.

ಉ: ಇದು ನೋಡಿ ಸರಿಯಾದ ಪ್ರಶ್ನೆ, ರೋಗ ಇರೋದು ಇಲ್ಲೇ. ಎಲೆಕ್ಟ್ರಿಕ್ಕೋ ಪೆಟ್ರೋಲೋ ಅಂತ ಎಲ್ಲಾ ಬಡ್ಕೋತಿದಾರೆ, ಆಟವನ್ನ ತಿಂತಿರೋದು ಒಳಜಗಳ. ಮೂರು ಜನ ಸೇರಿದ್ರೆ ನಾಲ್ಕು ಸಂಘ! ಮೇಲೆ ಯುಐಎಂ ಅಂತ ಅಂತರರಾಷ್ಟ್ರೀಯ ಸಂಸ್ಥೆ ಇದೆ, 1922ರಲ್ಲಿ ಶುರುವಾದದ್ದು, ಈಗ ಮೊನಾಕೋದಲ್ಲಿ. ಕೆಳಗೆ ಅಮೆರಿಕ ಒಂದರಲ್ಲೇ ಈಚಿನ ವರ್ಷಗಳಲ್ಲಿ ಕಂಡ ಸಂಘಗಳು ಎಪಿಬಿಎ, ಪಿ1, ಒಪಿಎ, ರೇಸ್ ವರ್ಲ್ಡ್ ಆಫ್‌ಶೋರ್, ಹಿಂದೆ ಸೂಪರ್ ಬೋಟ್ ಇಂಟರ್‌ನ್ಯಾಷನಲ್ ಅಂತ ಬೇರೆ ಇತ್ತು. ಒಬ್ಬರ ರೂಲ್ ಇನ್ನೊಬ್ಬರಿಗೆ ಆಗಲ್ಲ, ಒಬ್ಬರ 'ವಿಶ್ವ ಚಾಂಪಿಯನ್' ಇನ್ನೊಬ್ಬರಿಗೆ ಲೆಕ್ಕಕ್ಕಿಲ್ಲ. ಕ್ಲಾಸ್ 1 ಅಂತೂ ಯುರೋಪು, ದುಬೈ, ಕತಾರ್ ಕಡೆ ಶೇಖ್‌ಗಳ ದುಡ್ಡಲ್ಲಿ ಮೆರೆದು, ದುಡ್ಡು ಬತ್ತಿದ ಮೇಲೆ ನಿಂತು, ಅಮೆರಿಕದಲ್ಲಿ ಮತ್ತೆ ಜೀವ ತಗೊಂಡಿದೆ, ಆದ್ರೂ ಸ್ಟಾರ್ಟ್ ಲೈನಲ್ಲಿ ಎರಡು ಕೈ ಬೆರಳು ತುಂಬೋಷ್ಟು ಬೋಟು ಇರಲ್ಲ. ಬೋಟೂ ಹೆಚ್ಚು, ಜಿದ್ದೂ ಹೆಚ್ಚು ಅನ್ನೋದು ನನಗೆ ಕಂಡಿದ್ದು ಕೆಳಗಿನ ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದೆ ಹೊರಗಡೆ ಕೂರಿಸೋದು) ಕ್ಲಾಸ್‌ಗಳಲ್ಲೇ, ಖರ್ಚು ಕಮ್ಮಿ, ಎಲ್ಲರ ಎಂಜಿನ್ನೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಗೆಲ್ಲೋದು ಕೈಚಳಕ. ಈ ಆಟ ಉಳಿದ್ರೆ ಅಲ್ಲಿಂದ ಉಳಿಯತ್ತೆ, ಬಿಳಿ ಆನೆ ಸಾಕೋ ಶ್ರೀಮಂತರಿಂದ ಅಲ್ಲ.

ನೋಡೋರ ವಿಷಯ ಬೇರೆ. ಹೆಲಿಕಾಪ್ಟರಿಂದ ತೆಗೆದ್ರೆ ಸಮುದ್ರ ಇಸ್ತ್ರಿ ಹಾಕಿದ ಬಟ್ಟೆ ಥರ ಕಾಣತ್ತೆ, ಆರಡಿ ಅಲೆ ಆರಿಂಚು ಅನ್ಸತ್ತೆ. ಅದಕ್ಕೇ ಟಿವಿಯವ್ರು ಕೈ ಬಿಟ್ರು. ಈಗ ಒಳಗೇ ಕ್ಯಾಮೆರಾ ಇಟ್ಟು ಲೈವ್ ಬಿಡ್ತಿದಾರೆ, ಥ್ರಾಟಲ್‌ಮ್ಯಾನ್ ಕೈ ಕಾಣ್ಸತ್ತೆ, ಕುತ್ತಿಗೆ ಒಲೆಯೋದು ಕಾಣ್ಸತ್ತೆ, ಆಗ ಗೊತ್ತಾಗತ್ತೆ ಏನ್ ನಡೀತಿದೆ ಅಂತ.

ಪ್ರ: ಇದು ಬರೀ ಗಂಡಸರ ಆಟವಾ?

ಉ: ಅಲ್ಲವೇ ಅಲ್ಲ ಮೇಡಂ. 1903ರಲ್ಲಿ ಮೊದಲ ಹಾರ್ಮ್ಸ್‌ವರ್ತ್ ಟ್ರೋಫಿ ಗೆದ್ದ ಬೋಟಲ್ಲಿ ಡೊರೊಥಿ ಲೆವಿಟ್ ಇದ್ರು. ಅಮೆರಿಕದ ಬೆಟ್ಟಿ ಕುಕ್ ಆಫ್‌ಶೋರ್‌ನಲ್ಲಿ 1977 ಮತ್ತೆ 1979ರಲ್ಲಿ ವಿಶ್ವ ಚಾಂಪಿಯನ್, ಆಗ ಅವ್ರಿಗೆ ಐವತ್ತು ದಾಟಿತ್ತು! ಆಮೇಲೆ ಯಾಕೋ ಬಾಗಿಲು ಕಿರಿದಾಯ್ತು. ಇ1ನಲ್ಲಿ ಪ್ರತಿ ತಂಡಕ್ಕೂ ಒಬ್ಬ ಗಂಡು ಒಬ್ಬ ಹೆಣ್ಣು ಪೈಲಟ್ ಇರಲೇಬೇಕು ಅಂತ ರೂಲ್. ಆ ಒಂದು ವಿಷಯದಲ್ಲಿ ಹಳಬರು ಹೊಸಬರಿಂದ ಕಲೀಬೇಕು.

ಪ್ರ: ಇಂಧನ ಸುಟ್ಟು, ಮೀನು ಆಮೆಗಳಿಗೆ ತೊಂದರೆ ಕೊಟ್ಟು ಇದೆಲ್ಲ ಬೇಕಾ?

ಉ: ಸದ್ದು ದೊಡ್ಡ ಸಮಸ್ಯೆನೇ. ನೀರಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಹರಿಯತ್ತೆ. ಫ್ಲೋರಿಡಾದಲ್ಲಿ ಮನಾಟಿ (ಕಡಲಹಸು ಜಾತಿಯ ಪ್ರಾಣಿ), ಆಮೆ ಬಂದಿದಾವಾ ಅಂತ ಕಾಯೋಕೆ ಜನ ಇಡ್ತಾರೆ, ಕಂಡ್ರೆ ರೇಸ್ ನಿಲ್ಲಿಸ್ತಾರೆ. ಇಂಧನದ ಮಟ್ಟಿಗೆ ನನ್ನ ಊಹೆ, ಹಳೇ ಎಂಜಿನ್ನಿಗೇ ಹಾಕಬಹುದಾದ ಕೃತಕ ಪೆಟ್ರೋಲು, ಅಡುಗೆ ಎಣ್ಣೆಯಿಂದ ಮಾಡೋ ಡೀಸೆಲ್ಲು ಬ್ಯಾಟರಿಗಿಂತ ಮುಂಚೆ ಇಲ್ಲಿಗೆ ಬರತ್ತೆ.

ಪ್ರ: ಹಾಗಾದ್ರೆ ಇಪ್ಪತ್ತು ವರ್ಷದ ನಂತರ ಏನಿರತ್ತೆ? ನಾನು ಮೊದಲ ಸಲ ನೋಡೋನು, ಏನು ನೋಡ್ಲಿ ಅಂತಾನೂ ಹೇಳಿ.

ಉ: ಊರಿಂದ ಊರಿಗೆ ಓಡೋ ರೇಸು ಆಗ್ಲೇ ಅಪರೂಪ ಆಗೋಗಿದೆ. ಇನ್ಶೂರೆನ್ಸ್, ಹಡಗುಗಳ ಓಡಾಟ, ಅಷ್ಟು ದೂರ ರಕ್ಷಣಾ ತಂಡ ನಿಲ್ಲಿಸೋ ಖರ್ಚು, ಒಂದಾ ಎರಡಾ. ಈಗಿನ 'ಆಫ್‌ಶೋರ್' ಬಹುಪಾಲು ಬೀಚ್ ಮುಂದೆ ಸುತ್ತು ಹಾಕೋದು, ಹೆಸರಲ್ಲಿ ಮಾತ್ರ ಸಮುದ್ರ ದೂರ. ದೂರದ ದಾಖಲೆಗಳ ಹುಚ್ಚು ಇದ್ದ ಇಟಲಿಯ ಫಾಬಿಯೋ ಬುಜ್ಜಿ ಕೂಡ 2019ರಲ್ಲಿ ಮಾಂಟೆ ಕಾರ್ಲೋದಿಂದ ವೆನಿಸ್‌ಗೆ ಓಡಿಸ್ಕೊಂಡು ಬಂದು, ಕೊನೇ ಗಳಿಗೆಯಲ್ಲಿ ಕತ್ತಲಲ್ಲಿ ಕಲ್ಲಿನ ತಡೆಗೋಡೆಗೆ ಬಡಿದು ತೀರ್ಕೊಂಡ್ರು, ಆಗ ವಯಸ್ಸು 76. ಅಂಥ ಹುಚ್ಚರು ಇರೋವರೆಗೆ ಡೀಸೆಲ್ ಬೋಟಲ್ಲಿ ದೂರದ ಓಟ ಅಲ್ಲಲ್ಲಿ ನಡೀತಿರತ್ತೆ, ದುಡ್ಡಿಲ್ದೆ, ಕ್ಯಾಮೆರಾ ಇಲ್ದೆ. ಬೀಚ್ ಮುಂದಿನ ಸುತ್ತಾಟ ಶೋ ಆಗಿ ಬೆಳೆಯತ್ತೆ, ಸಂಘಗಳು ಒಂದಾದ್ರೆ ಬೇಗ, ಇಲ್ಲಾಂದ್ರೆ ಕುಂಟಿಕೊಂಡು. ಒಂದೇ ಭಯ ನನಗೆ, ಶೋ ಚೆನ್ನಾಗಿರ್ಲಿ ಅಂತ ಅಲೆ ಇಲ್ಲದ ಜಾಗ ಹುಡುಕ್ತಾ ಹೋದ್ರೆ ಕೆರೆ ರೇಸಿಗೂ ಇದಕ್ಕೂ ವ್ಯತ್ಯಾಸ ಉಳಿಯಲ್ಲ.

ನೋಡೋದಾದ್ರೆ ನವೆಂಬರಲ್ಲಿ ಕೀ ವೆಸ್ಟ್ ರೇಸ್ ನೋಡಿ, ಅಲ್ಲಿ ಬೋಟು ಬಂದರಿನ ಒಳಗಿಂದ ತೆರೆದ ಸಮುದ್ರಕ್ಕೆ ಹೋಗಿ ಬರತ್ತೆ. ಬೋಟನ್ನ ನೋಡ್ಬೇಡಿ, ಅದರ ಹಿಂದೆ ಏಳೋ ನೀರಿನ ಬಾಲ ನೋಡಿ, ಹುಂಜದ ಬಾಲದ ಥರ ಇರತ್ತೆ. ಬಂದರಲ್ಲಿ ಅದು ಒಂದೇ ಗೆರೆ. ಆಚೆ ಹೋದ ಕೂಡ್ಲೆ ತುಂಡು ತುಂಡಾಗತ್ತೆ, ಪ್ರತಿ ತುಂಡಿನ ಮಧ್ಯದ ಖಾಲಿ ಜಾಗದಲ್ಲಿ ಪ್ರೊಪೆಲ್ಲರ್ ಗಾಳಿಯಲ್ಲಿತ್ತು, ಲಿವರ್ ಮೇಲಿನ ಕೈ ಹಿಂದಕ್ಕೆ ಬಂದಿತ್ತು ಅಂತ ಲೆಕ್ಕ.