ಗೋಲು ಹಾಕದ ಆಟಗಾರ್ತಿಗೆ ನೆಟ್‌ಬಾಲ್‌ನಲ್ಲಿ ಏನು ಕೆಲಸ?

ಪ್ರಶ್ನೆ: ಎಂಟನೇ ಕ್ಲಾಸಿನ ನನ್ನ ಮಗಳು ಶಾಲೆಯ ನೆಟ್‌ಬಾಲ್ ತಂಡದಲ್ಲಿದ್ದಾಳೆ. ಸರ್ ಅವಳಿಗೆ ಯಾವಾಗಲೂ ‘ಡಬ್ಲ್ಯೂಡಿ’ ಎಂದು ಬರೆದ ಬಿಬ್ ಕೊಡುತ್ತಾರೆ. ಒಂದು ಸಲವೂ ಗೋಲು ಹಾಕಲು ಬಿಟ್ಟಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಎಲ್ಲರೂ ಹಾಕ್ತಾರೆ ಅಲ್ವಾ? ಇವಳು ಲೆಕ್ಕಕ್ಕುಂಟು ಆಟಕ್ಕಿಲ್ಲ ಎನ್ನುವಂತಾಗಿದೆಯೇ?
– ಒಬ್ಬ ತಾಯಿ, ಹಾಸನ

ಉತ್ತರ: ಖಂಡಿತ ಇಲ್ಲ. ನೆಟ್‌ಬಾಲ್ ತಂಡದ ಏಳು ಜನರಲ್ಲಿ ಗೋಲ್ ಶೂಟರ್ ಮತ್ತು ಗೋಲ್ ಅಟ್ಯಾಕ್ ಮಾತ್ರ ಗೋಲು ಹಾಕಬಹುದು. ಉಳಿದ ಐವರಿಗೆ ನಿಯಮವೇ ಬಿಡುವುದಿಲ್ಲ. 30.5 ಮೀಟರ್ ಉದ್ದದ ಅಂಕಣದಲ್ಲಿ ಮೂರು ಭಾಗಗಳಿರುತ್ತವೆ. ಯಾರು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಬಿಬ್ ಮೇಲಿನ ಅಕ್ಷರವೇ ಹೇಳುತ್ತದೆ. ನಿಮ್ಮ ಮಗಳು ವಿಂಗ್ ಡಿಫೆನ್ಸ್. ನಡುವಿನ ಭಾಗ, ಜೊತೆಗೆ ತನ್ನ ತಂಡ ಕಾಯುವ ಭಾಗ ಅವಳದು. ಅಲ್ಲಿ ಗೋಲಿನ ಮುಂದಿರುವ ಅರ್ಧವೃತ್ತದೊಳಗೆ ಮಾತ್ರ ಕಾಲಿಡುವಂತಿಲ್ಲ.

ಈ ಜಾಗಕ್ಕೆ ಯಾಕಿಷ್ಟು ಬೆಲೆ? ಗೋಲು ಯಾರೇ ಹಾಕಲಿ, ಆಟ ಮತ್ತೆ ಶುರುಮಾಡುವ ಸೆಂಟರ್ ಪಾಸ್ ಎರಡು ತಂಡಗಳಿಗೂ ಸರದಿಯಂತೆ ಸಿಗುತ್ತದೆ. ಇಬ್ಬರೂ ತಮ್ಮ ಸರದಿಯಲ್ಲಿ ತಪ್ಪದೆ ಗೋಲು ಹಾಕಿದರೆ ಪಂದ್ಯ ಸಮಸಮ. ಗೆಲ್ಲಬೇಕೆಂದರೆ ಎದುರಾಳಿಯ ಸರದಿಯಲ್ಲಿ ಪಾಸ್ ತಡೆಯಲೇಬೇಕು. ಆ ಕೆಲಸದಲ್ಲಿ ಮುಂದೆ ನಿಲ್ಲುವವಳೇ ವಿಂಗ್ ಡಿಫೆನ್ಸ್.

ಬಾಲ್ ಹಿಡಿದವಳು ಡ್ರಿಬಲ್ ಮಾಡುವಂತಿಲ್ಲ, ಅಂದರೆ ಬಾಲನ್ನು ನೆಲಕ್ಕೆ ಪುಟಿಸುತ್ತಾ ಓಡುವಂತಿಲ್ಲ. ಮೂರು ಸೆಕೆಂಡಿನೊಳಗೆ ಪಾಸ್ ಕೊಡಬೇಕು. ತಡೆಯುವವಳು ಅವಳಿಂದ 0.9 ಮೀಟರ್ ದೂರ ನಿಂತು ಕೈ ಎತ್ತಬಹುದು, ಮೈ ತಾಗಿಸಿ ತಳ್ಳುವಂತಿಲ್ಲ. ಹಾಗಾಗಿ ಇಲ್ಲಿ ಬಲಕ್ಕಿಂತ ಅಂದಾಜು ಮುಖ್ಯ. ಪಾಸ್ ಎತ್ತ ಹೋಗುತ್ತದೆ ಎಂದು ಮೊದಲೇ ಊಹಿಸಬೇಕು. ನನ್ನ ಪ್ರಕಾರ ತಂಡದಲ್ಲಿ ಜಾಸ್ತಿ ತಲೆ ಓಡಿಸಬೇಕಾದ ಜಾಗ ಇದು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾವನ್ನು ಸೋಲಿಸಿದ್ದು 52–51ರಿಂದ. ಅಂಥ ಪಂದ್ಯದಲ್ಲಿ ತಡೆದ ಒಂದೊಂದು ಪಾಸ್ ಕೂಡ ಗೋಲಿನಷ್ಟೇ ಬೆಲೆಯದು.

ಮುಂದಿನ ಪಂದ್ಯದಲ್ಲಿ ಬಾಲ್ ಬಿಟ್ಟು ಮಗಳನ್ನೇ ನೋಡಿ. ಅವಳು ತಡೆಯಬೇಕಾದ ಎದುರಾಳಿ ಆಟಗಾರ್ತಿ, ಅಂದರೆ ಎದುರಿನ ವಿಂಗ್ ಅಟ್ಯಾಕ್, ಪಾಸ್ ಕೊಡಲು ಜಾಗ ಸಿಗದೆ ಎಷ್ಟು ಸಲ ಬಾಲನ್ನು ಹಿಂದಕ್ಕೆ ಎಸೆಯುತ್ತಾಳೆ ಎಂದು ಎಣಿಸಿ.

ಅವಳಿಗೇ ಗೋಲು ಹಾಕುವ ಆಸೆಯಿದ್ದರೆ ಸರ್ ಹತ್ತಿರ ಕೇಳಲಿ. ಅಭ್ಯಾಸದಲ್ಲಿ ಜಾಗ ಬದಲಿಸಿ ಆಡಿಸುವುದು ಈ ವಯಸ್ಸಿಗೆ ಒಳ್ಳೆಯದೇ. ಹಿಂದೆ ಹಲಗೆಯಿಲ್ಲದ, 3.05 ಮೀಟರ್ ಎತ್ತರದ ರಿಂಗ್‌ಗೆ ಬಾಲ್ ಹಾಕಲು ದಿನವೂ ಅಭ್ಯಾಸ ಬೇಕು.

ಇನ್ನೊಂದು ಮಾತು. ಓಡುತ್ತಾ ಬಾಲ್ ಹಿಡಿದು ತಟ್ಟನೆ ನಿಲ್ಲಬೇಕಾದ ಆಟ ಇದು. ಮಂಡಿಗೆ ಪೆಟ್ಟಾಗುವುದು ಹೆಚ್ಚು. ಹಾರಿ ಇಳಿಯುವಾಗ ಮಂಡಿ ಬಗ್ಗಿಸುವುದನ್ನು ಅವಳು ಈಗಲೇ ರೂಢಿಸಿಕೊಳ್ಳಲಿ.